ಮೀಟರು ತೋರಿಸಿದ ಸೊನ್ನೆ

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವ ಮೊದಲು ಗೋಡೆಯ ಪ್ಲಗ್ ಪಾಯಿಂಟಿಗೆ ವೋಲ್ಟು ಅಳೆಯುವ ಮೀಟರು ಹಿಡಿಯಬೇಕು ಎನ್ನುವುದು ನಮ್ಮ ಕಂಪನಿಯ ಕಟ್ಟಪ್ಪಣೆಯಾಗಿತ್ತು. ಕರೆಂಟು ತರುವ ಫೇಸಿಗೂ ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ಲಿಗೂ ನಡುವೆ ಇನ್ನೂರ ಮೂವತ್ತು ವೋಲ್ಟಿನ ಆಸುಪಾಸು ಇರಬೇಕು. ನ್ಯೂಟ್ರಲ್ಲಿಗೂ, ನೆಲಕ್ಕೆ ಇಳಿಸಿದ ಅರ್ತಿಗೂ ನಡುವೆ ಎರಡು ವೋಲ್ಟು ಮೀರಬಾರದು. ಮೀರಿತೋ, ಪೆಟ್ಟಿಗೆಯನ್ನು ಹಾಗೇ ಬಿಟ್ಟು ವಾಪಸು ಬರಬೇಕು. ಈ ಎರಡು ಅಂಕಿಗಳನ್ನು ಫಾರಮ್ಮಿನಲ್ಲಿ ಬರೆದು ಸಹಿ ಹಾಕದೆ ಯಾವ ಯಂತ್ರವೂ ಚಾಲೂ ಆಗುವಂತಿರಲಿಲ್ಲ. ನಾನು ಆ ನಿಯಮವನ್ನು ಬಹಳ ಜಂಬದಿಂದ ಪಾಲಿಸುತ್ತಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳವು. ಯಶವಂತಪುರದ ಸರ್ವಿಸ್ ಸೆಂಟರಿನಲ್ಲಿದ್ದ ನನಗೆ ಹೆಬ್ಬಾಳದಿಂದ ಯಲಹಂಕದವರೆಗಿನ ಗಿರಾಕಿಗಳೆಲ್ಲ ಪಾಲಿಗೆ ಬಂದಿದ್ದರು. ಕಂಪ್ಯೂಟರು ರಿಪೇರಿ ಮಾಡುವವನನ್ನು ಜನ ಡಾಕ್ಟರರಿಗಿಂತ ಹೆಚ್ಚು ಮರ್ಯಾದೆಯಿಂದ ಕೂರಿಸಿ ಕಾಫಿ ಕೊಡುತ್ತಿದ್ದ ಕಾಲ. ತಲೆ ತಿರುಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆರ್.ಟಿ. ನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಹೊಸ ಕಂಪ್ಯೂಟರು ತರಿಸಿದ್ದರು. ಮೂರು ಅಂತಸ್ತಿನ ಕಟ್ಟಡ. ಕೆಳಗೆ ಹಿಟ್ಟಿನ ಮಿಲ್ಲು, ನಡುವೆ ಇನ್‌ಸ್ಟಿಟ್ಯೂಟು, ಮೇಲೆ ಕಟ್ಟಡದ ಮಾಲೀಕರ ಮನೆ. ಇನ್‌ಸ್ಟಿಟ್ಯೂಟು ನಡೆಸುತ್ತಿದ್ದವರು ಧಾರವಾಡದ ಕಡೆಯಿಂದ ಬಂದು ನೆಲೆಸಿದ ಹಿರಿಯರು. ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಿದ್ದರು. ಹನ್ನೆರಡು ಟೈಪ್‌ರೈಟರುಗಳ ಸಾಲಿನ ಕೊನೆಗೆ ಪ್ಲೈವುಡ್ ಅಡ್ಡಗೋಡೆ ಕಟ್ಟಿಸಿ, ಕಿಟಕಿಗೆ ಪರದೆ ಹಾಕಿಸಿ, ಕಂಪ್ಯೂಟರಿಗೆಂದೇ ಒಂದು ಕೋಣೆ ಮಾಡಿಸಿದ್ದರು.

ನಾನು ಮೊದಲ ಸಲ ಹೋದದ್ದು ಬೆಳಿಗ್ಗೆ. ಕೆಳಗೆ ಮಿಲ್ಲು ಗಡಗಡ ಓಡುತ್ತಿತ್ತು, ನೆಲವೇ ನಡುಗುತ್ತಿತ್ತು. ಮೀಟರು ಹಿಡಿದೆ. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಹದಿನೆಂಟು ವೋಲ್ಟು. ಮಾಸ್ತರರ ಎಲೆಕ್ಟ್ರೀಶಿಯನ್ ಪಕ್ಕದಲ್ಲೇ ನಿಂತಿದ್ದ. ಕೆಂಪಾಪುರದ ಕಡೆಯ ಆತ ಕಟ್ಟಡಕ್ಕೆ ವೈರಿಂಗ್ ಮಾಡಿದ್ದವನೇ.

"ಹದಿನೆಂಟು ಬರ್ತಿದೆ. ಎರಡರ ಒಳಗೆ ಬರೋವರೆಗೂ ನಾನು ಈ ಬಾಕ್ಸ್ ಮುಟ್ಟಲ್ಲ" ಎಂದೆ.

"ಇಂಗೆಲ್ಲ ಯಾರೂ ಕೇಳಿಲ್ಲ ಸಾರ್. ಟೀವಿ, ಫ್ರಿಜ್ಜು ಎಲ್ಲಾ ಇದ್ರಲ್ಲೇ ಓಡ್ತವೆ."

"ಇದು ಟೀವಿ ಅಲ್ಲ. ಎರಡರ ಒಳಗೆ ತಂದು ಫೋನ್ ಮಾಡಿ."

ಯಾಕೆ ಎರಡರ ಒಳಗಿರಬೇಕು ಎಂದು ಆತ ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದ್ದರೆ ಎರಡು ನಿಮಿಷದ ಮಾತು. ಅಷ್ಟು ವ್ಯವಧಾನ ನನಗಿರಲಿಲ್ಲ.

ಮೂರು ದಿನಕ್ಕೆ ಫೋನು ಬಂತು. ಈ ಸಲ ಮಧ್ಯಾಹ್ನ ಎರಡೂವರೆಗೆ ಹೋದೆ. ಒಂದರಿಂದ ನಾಲ್ಕರವರೆಗೆ ಮಿಲ್ಲು ಮುಚ್ಚಿರುತ್ತದೆ, ಗದ್ದಲವಿರುವುದಿಲ್ಲ ಎಂದು ತಿಳಿದುಕೊಂಡಿದ್ದೆ. ಮುಂದಿನ ಎಲ್ಲ ಭೇಟಿಗಳನ್ನೂ ಅದೇ ಹೊತ್ತಿಗೆ ಇಟ್ಟುಕೊಂಡೆ. ಮೀಟರು ಹಿಡಿದರೆ ಮುಳ್ಳು ಅಲ್ಲಾಡಲಿಲ್ಲ. ಸೊನ್ನೆ. "ಭೇಷ್" ಎಂದೆ. ಎಲೆಕ್ಟ್ರೀಶಿಯನ್ ಮುಖ ಅರಳಿತು. ಫಾರಮ್ಮಿನಲ್ಲಿ ದುಂಡಗೆ ಸೊನ್ನೆ ಬರೆದು ಸಹಿ ಹಾಕಿದೆ.

ಕಂಪ್ಯೂಟರು ಕಲಿಸುವ ಜವಾಬ್ದಾರಿ ಟೈಪಿಂಗ್ ಟೀಚರದ್ದು. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ, ಎರಡು ರಸ್ತೆ ಆಚೆ ಮನೆ. ತಂದೆಯ ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ದುಡಿಯುತ್ತಿದ್ದವಳು ಆಕೆಯೊಬ್ಬಳೇ. ಸಂಜೆಯ ಕೋರ್ಸು ಮಾಡಿ ಕಂಪ್ಯೂಟರು ಕಲಿತಿದ್ದಳು. ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಧೂಳು ಬಿದ್ದರೆ ಫ್ಲಾಪಿ ಡ್ರೈವು ಹಾಳಾಗುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಕೆಳಗಿನಿಂದ ಹಿಟ್ಟಿನ ಧೂಳು ಏಳುವುದರಿಂದ ದಿನಕ್ಕೆರಡು ಸಲ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು. ಯಂತ್ರ ಯಾವಾಗ ಹಾಕಿದಿರಿ, ಯಾರು ಹಾಕಿದರು, ಯಾವಾಗ ಆರಿಸಿದಿರಿ ಎಂದು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಆಗ ಎಲ್ಲ ಕಂಪ್ಯೂಟರ್ ಕೋಣೆಗಳಲ್ಲೂ ಇದೇ ಮಡಿ. ದೇವರ ಮನೆಗೂ ಅಷ್ಟು ಭಯಭಕ್ತಿಯಿಂದ ಕಾಲಿಡುತ್ತಿರಲಿಲ್ಲ ಜನ.

ಮೂರು ವಾರ ಕಳೆದಿರಬೇಕು, ಮಾಸ್ತರರ ಫೋನು. "ಏನ್ರೀ ಸಾಹೇಬ್ರ, ಇನ್ನೂ ಹೊಸಾ ವಾಸ್ನಿ ಹೋಗಿಲ್ಲ, ಆಗ್ಲೇ ಮಕ್ಕೊಂಡತಲ್ರೀ ನಿಮ್ಮ ಡಬ್ಬಿ!"

ಹೋಗಿ ನೋಡಿದರೆ ಪವರ್ ಸಪ್ಲೈ ಸತ್ತಿತ್ತು. ಗೋಡೆಯ ಕರೆಂಟನ್ನು ಐದು ಮತ್ತು ಹನ್ನೆರಡು ವೋಲ್ಟಿಗೆ ಇಳಿಸಿ ಯಂತ್ರಕ್ಕೆ ಊಡಿಸುವ ತಗಡಿನ ಡಬ್ಬ ಅದು. ಬಿಚ್ಚಿ ಬೆಂಚಿಗೆ ತಂದೆ. ಫ್ಯೂಸು ಕರಕಲಾಗಿತ್ತು, ಎರಡು ಸ್ವಿಚಿಂಗ್ ಟ್ರಾನ್ಸಿಸ್ಟರುಗಳೂ ಶಾರ್ಟ್. ಬದಲಾಯಿಸಿದೆ. ನೇರ ಕರೆಂಟು ಕೊಡುವ ಧೈರ್ಯ ನಾವು ಮಾಡುತ್ತಿರಲಿಲ್ಲ. ನೂರು ಕ್ಯಾಂಡಲಿನ ಬಲ್ಬೊಂದನ್ನು ಸಾಲಿನಲ್ಲಿ ಸೇರಿಸಿ ಸ್ವಿಚ್ಚು ಹಾಕುವುದು. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಹೊಸ ಟ್ರಾನ್ಸಿಸ್ಟರು ಬದುಕುತ್ತದೆ. ಬಲ್ಬು ಒಮ್ಮೆ ಮಿಣುಕಿ ಆರಿತು. ಸರಿಯಾಗಿದೆ ಎಂದರ್ಥ. ಕಾರಿನ ಹೆಡ್‌ಲೈಟ್ ಬಲ್ಬನ್ನು ಹೊರೆಯಾಗಿ ಕಟ್ಟಿ ಇಡೀ ದಿನ ಓಡಿಸಿದೆ. ಡಬ್ಬ ತಣ್ಣಗೆ ಕೆಲಸ ಮಾಡಿತು. ವಾಪಸು ಕೂರಿಸಿ ಬಂದೆ.

ಹತ್ತೇ ದಿನ. ಮತ್ತೆ ಅದೇ ಫ್ಯೂಸು, ಅದೇ ಟ್ರಾನ್ಸಿಸ್ಟರು. ಈ ಸಲ ಟೀಚರು ನನ್ನ ಜೊತೆ ಮಾತಾಡಲೇಬೇಕೆಂದು ಕಾದಿದ್ದಳು.

"ಸರ್, ಬೆಳಿಗ್ಗೆ ಕ್ಲಾಸಲ್ಲಿ ಕಂಪ್ಯೂಟರಿನ ತಗಡಿನ ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಮ್ಮನ್ನತ್ತೆ. ಕೆಲವು ಸಲ ಮೊಣಕೈವರೆಗೂ ಬರತ್ತೆ."

ನಾನು ಮೀಟರು ಹಿಡಿದು ಆಕೆಗೇ ತೋರಿಸಿದೆ. ಮಧ್ಯಾಹ್ನ ಎರಡು ಮುಕ್ಕಾಲು. ಮುಳ್ಳು ಸೊನ್ನೆಯ ಮೇಲೆ ಕಂಬದಂತೆ ನಿಂತಿತ್ತು. ಕ್ಯಾಬಿನೆಟ್ಟನ್ನು ಅಂಗೈಯಿಂದ ಮುಟ್ಟಿಯೂ ತೋರಿಸಿದೆ.

"ನೋಡಿ ಟೀಚರ್, ಅರ್ತ್ ಪರ್ಫೆಕ್ಟಾಗಿದೆ. ಶಾಕ್ ಹೊಡೆಯೋಕೆ ಸಾಧ್ಯಾನೇ ಇಲ್ಲ. ಹೊಸ ಮಷಿನ್ ಅಂತ ಭಯ, ಅದಕ್ಕೆ ಹಾಗನಿಸತ್ತೆ. ನಿಮ್ಮ ಭ್ರಮೆ ಅಷ್ಟೆ."

ಟೀಚರು ಮೀಟರನ್ನೂ ನನ್ನನ್ನೂ ನೋಡಿ ಟೈಪ್‌ರೈಟರುಗಳ ಕಡೆ ಹೊರಟುಹೋದಳು. ಮಾಸ್ತರರು ಹಿಂದಿನಿಂದ, "ಇಲ್ಲೆ ಬಲ್ಬ ಸೈತ ವಾರಕ್ಕೊಂದು ಹೊಕ್ಕಾವ್ರೀ. ಅಂಗಡ್ಯಾಂವಾ ಡೂಪ್ಲಿಕೇಟ್ ಮಾಲು ಕೊಡ್ತಾನು" ಎಂದು ಗೊಣಗಿದರು. ನನಗೆ ಬಲ್ಬಿನ ಚಿಂತೆ ಇರಲಿಲ್ಲ. ಒಂದು ಸ್ಟೆಬಿಲೈಸರು ಹಾಕಿಸಿ ಎಂದು ಬರೆದುಕೊಟ್ಟು ಹೊರಟೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕೆನಿಸುತ್ತದೆ. ಇಬ್ಬರು ಎರಡು ಕಡೆಯಿಂದ ಕೂಗಿ ಹೇಳುತ್ತಿದ್ದರು, ನಾನು ಮುಳ್ಳು ನೋಡುತ್ತಿದ್ದೆ.

ಸ್ಟೆಬಿಲೈಸರು ಬಂತು. ಎರಡು ವಾರದ ಮೇಲೆ ಅದೂ ಹೊಗೆಯಾಡಿತು, ಜೊತೆಗೆ ಪವರ್ ಸಪ್ಲೈಯೂ. ಈ ಸಲ ಮುಚ್ಚಳ ತೆಗೆದಾಗ ಒಳಗಿನ ಎರಡು ದಪ್ಪ ಕೆಪಾಸಿಟರುಗಳು ತಲೆಯೊಡೆದುಕೊಂಡು, ಮೀನಿನ ಹಾಗೆ ನಾರುವ ರಸ ಕಾರಿದ್ದವು. ಸಾಮಾನ್ಯ ಕರೆಂಟಿಗೆ ಅವು ಒಡೆಯುವುದಿಲ್ಲ. ಮುನ್ನೂರರ ಆಸುಪಾಸು ವೋಲ್ಟು ಬಂದರೆ ಒಡೆಯುತ್ತವೆ. ಆ ಲೆಕ್ಕ ನನಗೆ ಬಾಯಿಪಾಠವಿತ್ತು. ಆದರೂ ಪ್ಲಗ್ಗಿನಲ್ಲಿ ಇನ್ನೂರ ಇಪ್ಪತ್ತೈದು ತೋರಿಸುತ್ತಿತ್ತಲ್ಲ! ಕೆಪಾಸಿಟರುಗಳ ತಯಾರಿಕೆಯೇ ಕೆಟ್ಟದ್ದೆಂದು ತೀರ್ಮಾನಿಸಿದೆ.

ಯಶವಂತಪುರದಲ್ಲಿ ಮ್ಯಾನೇಜರು ಹಿಡಿದುಕೊಂಡರು. "ಒಂದೇ ಗಿರಾಕಿಗೆ ಮೂರು ಸಲ ಅಂದ್ರೆ ಹೆಡ್ ಆಫೀಸಿಗೆ ಕಾರಣ ಬರೀಬೇಕು. 'ಕಾರಣ' ಅನ್ನೋ ಕಾಲಮ್ಮು ಖಾಲಿ ಬಿಟ್ರೆ ಫಾರಮ್ ವಾಪಸ್ ಬರತ್ತೆ. ಏನ್ ಬರೀತೀರಿ?"

ಆಗ ನನಗೆ ಲಾಗ್ ಪುಸ್ತಕ ನೆನಪಾಯಿತು. ತರಿಸಿ ನೋಡಿದೆ. ಮೂರು ಸಲವೂ ಬೆಳಗಿನ ಕ್ಲಾಸು, ಮೂರು ಸಲವೂ ಸ್ವಿಚ್ಚು ಹಾಕಿದವರು ಟೀಚರು. ಹಿಂದಿನ ಪುಟಗಳನ್ನು ತಿರುವಿದರೆ ಅಲ್ಲೂ ಆಕೆಯೇ. ಸಂಜೆ ವಿದ್ಯಾರ್ಥಿಗಳ ಹೆಸರುಗಳಿದ್ದವು. ಬೆಳಿಗ್ಗೆ ಮಾತ್ರ ಒಬ್ಬ ವಿದ್ಯಾರ್ಥಿಗೂ ಕೈ ಹಾಕಲು ಬಿಟ್ಟಿರಲಿಲ್ಲ. ಸಿಕ್ಕಿತು ಎನಿಸಿತು. ಭಯಕ್ಕೆ ಸ್ವಿಚ್ಚನ್ನು ಪಟಪಟ ಹಾಕಿ ತೆಗೆಯುತ್ತಾಳೆ, ಅದಕ್ಕೇ ಸಪ್ಲೈ ಹೋಗುತ್ತಿದೆ. 'ಕಾರಣ' ಕಾಲಮ್ಮಿನಲ್ಲಿ 'ಆಪರೇಟರ್ ಮಿಸ್‌ಹ್ಯಾಂಡ್ಲಿಂಗ್' ಎಂದು ಬರೆದೆ. ಲಾಗ್ ಪುಸ್ತಕದ ಆಧಾರವನ್ನೂ ಎರಡು ಸಾಲಿನಲ್ಲಿ ಸೇರಿಸಿದೆ. ಗಿರಾಕಿಯ ಪ್ರತಿ ಮಾಸ್ತರರಿಗೆ ಹೋಯಿತು.

ಮೂರನೇ ಸಲ ಕೆಟ್ಟ ಡಬ್ಬವನ್ನು ಸರಿಮಾಡಿ ಕೂರಿಸಲು ಹೋದಾಗ ಟೀಚರ ಕುರ್ಚಿ ಖಾಲಿ ಇತ್ತು. "ನೀವು ಬರದ ಕೊಟ್ಟ ಮ್ಯಾಲೆ ಮತ್ತೇನ್ ಮಾಡ್ಲ್ರೀ. ಬ್ಯಾಡವಾ ಅಂತ ಹೇಳಿ ಕಳಿಸಿದ್ನಿ" ಎಂದರು ಮಾಸ್ತರರು. ಅಳುಕಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೀಟರು ತೆಗೆದು ಸೊನ್ನೆ ನೋಡಿದ ಮೇಲೆ ಸಮಾಧಾನವಾಯಿತು.

ಐದನೆಯ ದಿನ ಫೋನಿನಲ್ಲಿ ಮಾಸ್ತರರ ದನಿಯೇ ಗುರುತು ಸಿಗಲಿಲ್ಲ. "ಸಾಹೇಬ್ರ, ನನ್ನ ಜೀವಾ ಹೋಗಿತ್ರೀ ಇವತ್ತು."

ಹೊಸಬರು ಸಿಗುವವರೆಗೆ ಬೆಳಗಿನ ಕ್ಲಾಸನ್ನು ಅವರೇ ತೆಗೆದುಕೊಂಡಿದ್ದರು. ಒರೆಸಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಎಡಗೈ ಕ್ಯಾಬಿನೆಟ್ಟಿನ ಮೇಲಿಟ್ಟು, ಬಲಗೈಯಿಂದ ಪಕ್ಕದ ಕೆಂಪು ಸ್ವಿಚ್ಚು ಹಾಕಿದ್ದಾರೆ. ಕೈ ಅಂಟಿಕೊಂಡಿದೆ, ಕೂಗಲೂ ಆಗಿಲ್ಲ. ವಿದ್ಯಾರ್ಥಿಯೊಬ್ಬ ಹೆದರಿ ಮರದ ಸ್ಟೂಲಿನಿಂದ ಅವರನ್ನು ನೂಕಿದ್ದಾನೆ. ಮೇಜಿಗೆ ಬಡಿದು ಮಣಿಕಟ್ಟು ಮುರಿದಿತ್ತು. ಅರ್ತು ಸರಿಯಾಗಿರುವ ಯಂತ್ರ ಮನುಷ್ಯನನ್ನು ಹಿಡಿದುಕೊಳ್ಳುವುದು ಹೇಗೆ? ಭ್ರಮೆಗೆ ಮೂಳೆ ಮುರಿಯುತ್ತದೆಯೇ?

ಹೊಸ ಡಬ್ಬ ಕೊಂಡೊಯ್ಯಬಾರದೆಂದು ಅವತ್ತು ನಿರ್ಧರಿಸಿದೆ. ಕೋಣೆಗೆ ಬೀಗ ಹಾಕಿಸಿದೆ. ಸತ್ತಿದ್ದೆಲ್ಲ ಬೆಳಿಗ್ಗೆ, ನಾನು ಅಳೆದದ್ದೆಲ್ಲ ಮಧ್ಯಾಹ್ನ. ಇಷ್ಟು ಸಣ್ಣ ವಿಷಯ ಹೊಳೆಯಲು ಒಬ್ಬರು ಸಾಯುವ ಹಾಗಾಗಬೇಕಾಯಿತು.

ಮರುದಿನ ಏಳೂವರೆಗೆ ಹೋದೆ. ಬರಿ ಮೀಟರು, ಸ್ಕ್ರೂ ಡ್ರೈವರು, ಉದ್ದದ ವೈರು. ಕಾಲಲ್ಲಿ ರಬ್ಬರ್ ಅಟ್ಟೆಯ ಶೂ ಹಾಗೇ ಇತ್ತು. 'ಚಪ್ಪಲಿ ಹೊರಗೇ ಬಿಡಿ' ಎಂದು ನಾನೇ ಬರೆಸಿ ತೂಗುಹಾಕಿಸಿದ್ದ ಬೋರ್ಡಿನ ಕೆಳಗೆ ಶೂ ಹಾಕಿಕೊಂಡು ಒಳಗೆ ಹೋದವನು ನಾನೇ ಮೊದಲಿಗ. ಪ್ಲಗ್ಗಿಗೆ ಮೀಟರು ಸಿಕ್ಕಿಸಿ ಕೂತೆ. ಇನ್ನೂರ ಮೂವತ್ತು. ಕೆಳಗೆ ಮಿಲ್ಲಿನ ಬಾಗಿಲು ತೆರೆದ ಸದ್ದು. ಮೋಟಾರು ಗುರ್ ಎಂದಿತು. ಗೋಡೆ ನಡುಗತೊಡಗಿತು. ಮುಳ್ಳು ಒಮ್ಮೆ ನಡುಗಿ ಮುನ್ನೂರು ದಾಟಿತು. ಮುನ್ನೂರ ನಲವತ್ತು. ಇಳಿಯಿತು. ಮತ್ತೆ ಮುನ್ನೂರ ಎಂಬತ್ತು! ತಲೆಯ ಮೇಲಿನ ಬಲ್ಬು ಬೆಳ್ಳಗೆ ಉರಿದು ಠಪ್ಪೆಂದು ಹೋಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಮುಳ್ಳು ಕೊಟ್ಟಷ್ಟು ಗಾಬರಿಯನ್ನು ಇನ್ನಾವುದೂ ಕೊಟ್ಟಿಲ್ಲ.

ಇಂಥ ಹೊತ್ತಿನಲ್ಲೂ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಸೊನ್ನೆಯೇ. ಆಗ ನನಗೆ ಅನುಮಾನ ಬಂದದ್ದು ಆ ಸೊನ್ನೆಯ ಮೇಲೆ. ಇಷ್ಟೆಲ್ಲ ಅಲ್ಲೋಲಕಲ್ಲೋಲವಾಗುತ್ತಿರುವ ಲೈನಿನಲ್ಲಿ ಅಷ್ಟು ಶುದ್ಧ ಸೊನ್ನೆ ಎಲ್ಲಿಂದ ಬರುತ್ತದೆ? ನಂಬಬಹುದಾದ ಬೇರೆ ಅರ್ತಿಗಾಗಿ, ನೆಲದೊಳಕ್ಕೆ ಇಳಿಯುವ ಬಚ್ಚಲಿನ ನಲ್ಲಿಯ ಕಬ್ಬಿಣದ ಪೈಪಿಗೆ ವೈರು ಕಟ್ಟಿ ಎಳೆದುಕೊಂಡು ಬಂದೆ. ಮೀಟರಿನ ಒಂದು ತುದಿ ಅದಕ್ಕೆ, ಇನ್ನೊಂದು ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ. ನೂರ ಮೂವತ್ತು ವೋಲ್ಟು.

ಕೆಳಗೆ ಓಡಿ ಮೇನ್ ಸ್ವಿಚ್ಚು ಆರಿಸಿದೆ. ಮಿಲ್ಲಿನವರು ಬೈದರು, ಬೈಯಲಿ. ಮೇಲೆ ಬಂದು ಪ್ಲಗ್ಗಿನ ಹಲಗೆ ಬಿಚ್ಚಿದೆ. ನ್ಯೂಟ್ರಲ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಬೆರಳುದ್ದದ ಕೆಂಪು ವೈರು, ಅಚ್ಚುಕಟ್ಟಾಗಿ ಸ್ಕ್ರೂ ಹಾಕಿ ಬಿಗಿದಿತ್ತು. ಎರಡನ್ನೂ ಒಂದು ಮಾಡಿದ ಮೇಲೆ ನಡುವೆ ವ್ಯತ್ಯಾಸ ಎಲ್ಲಿಂದ ಬಂದೀತು? ಪ್ರಳಯವಾದರೂ ಮೀಟರು ಸೊನ್ನೆಯನ್ನೇ ತೋರಿಸಬೇಕು.

ಕೆಳಗಿನ ಮೀಟರ್ ಬೋರ್ಡಿನಲ್ಲಿ ಮೂಲ ಕಾಯಿಲೆ ಸಿಕ್ಕಿತು. ಕಟ್ಟಡಕ್ಕೆಲ್ಲ ಒಂದೇ ನ್ಯೂಟ್ರಲ್. ಅದರ ಜೋಡಣೆ ಸಡಿಲಾಗಿ ಸುಟ್ಟು ಕಪ್ಪಾಗಿತ್ತು. ಮಿಲ್ಲು ಓಡಿ ಗೋಡೆ ನಡುಗಿದಾಗ ಬಿಟ್ಟುಬಿಟ್ಟು ಹತ್ತುತ್ತಿತ್ತು. ನ್ಯೂಟ್ರಲ್ ಬಿಟ್ಟರೆ ಕಟ್ಟಡಕ್ಕೆ ಬರುವ ಮೂರು ಫೇಸುಗಳ ನಡುವಿನ ನಾನೂರು ವೋಲ್ಟು ಸರಿಸಮ ಹಂಚಿಕೆಯಾಗುವುದಿಲ್ಲ. ಬೆಳಿಗ್ಗೆ ಮೇಲಿನ ಮನೆಯವರು ಸ್ನಾನಕ್ಕೆ ಇನ್ನೊಂದು ಫೇಸಿನಲ್ಲಿ ಗೀಸರು ಹಾಕಿದಾಗ ಬಹುಪಾಲು ನಮ್ಮ ಬಡಪಾಯಿ ಕಂಪ್ಯೂಟರಿನ ಮೇಲೆ ಬೀಳುತ್ತಿತ್ತು. ದಾರಿ ತಪ್ಪಿದ ಕರೆಂಟು ಆ ಕೆಂಪು ವೈರನ್ನು ಹಿಡಿದು ಕ್ಯಾಬಿನೆಟ್ಟಿಗೂ ಏರುತ್ತಿತ್ತು. ಮೊದಲ ದಿನದ ಹದಿನೆಂಟು ವೋಲ್ಟು ಇದನ್ನೇ ಹೇಳಲು ಬಂದಿತ್ತು. ನಾನು ಅದರ ಬಾಯಿ ಮುಚ್ಚಿಸಿ ಬಾ ಎಂದು ಎಲೆಕ್ಟ್ರೀಶಿಯನ್ನನ್ನು ಕಳಿಸಿದ್ದೆ.

ಆತನನ್ನು ಕರೆಸಿದೆ. ವೈರು ತೋರಿಸಿ ಕಿರುಚಿದೆ, "ಏನ್ರೀ ಇದು? ಮಾಸ್ತರು ಸತ್ತೇ ಹೋಗ್ತಿದ್ರು!"

ಆತನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನೀವೇ ಅಲ್ವಾ ಸಾರ್ ಯೋಳಿದ್ದು, ಎಲ್ಡರ ಒಳಗೆ ಬರ್ಬೇಕು ಅಂತ? ನಾನು ಒಂದೂ ಬರ್ದಂಗೆ ಮಾಡ್ದೆ. ನೀವೂ ಭೇಷ್ ಅಂದ್ರಿ."

ಹಿಡಿದಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟೆ.

"ಬ್ಯಾರೆ ಕಂಪ್ನಿಯೋರೂ ಇಂಗೇ ಕೇಳ್ತಾರೆ ಸಾರ್. ಹೆಬ್ಬಾಳದಾಗೆ, ಸೋಲದೇವನಳ್ಳಿ ಕಾಲೇಜ್ನಾಗೆ, ಎಲ್ಲಾ ಕಡೆ ಇಂಗೇ ಮಾಡ್ಕೊಟ್ಟಿವ್ನಿ. ಒಂದೇ ಸಲಕ್ಕೆ ಪಾಸು" ಎಂದ.

ಒದ್ದೆ ನೆಲ, ಬರಿಗಾಲು, ಸೊನ್ನೆ. ಮೂರೂ ನನ್ನ ನಿಯಮಗಳೇ. ಇವನನ್ನು ಬೈಯಲು ನನಗೆ ಯಾವ ಮುಖವಿತ್ತು? ಅವನನ್ನು ಕೂರಿಸಿಕೊಂಡು ಎರಡು ವೋಲ್ಟಿನ ಅರ್ಥವನ್ನು ಹೇಳಿದೆ: ಅದು ಮೀರಿತೆಂದರೆ ನ್ಯೂಟ್ರಲ್ಲೋ ಅರ್ತೋ ಎಲ್ಲೋ ಕೆಟ್ಟಿದೆ ಎಂಬ ಸೂಚನೆ, ಅಂಕಿಯನ್ನು ಮುಚ್ಚುವುದಲ್ಲ, ಕೆಟ್ಟ ಜಾಗವನ್ನು ಹುಡುಕಬೇಕು. ಆತ ತಲೆ ಮೇಲೆ ಕೈ ಹೊತ್ತು, "ಮೊದ್ಲೇ ಯೋಳ್ಬಾರ್ದಾ ಸಾರ್" ಎಂದ. ಕೆಂಪು ವೈರು ಕಿತ್ತೆವು. ಸುಟ್ಟ ಜೋಡಣೆ ಕತ್ತರಿಸಿ ಹೊಸದು ಹಾಕಿ ಬಿಗಿದೆವು. ಮಿಲ್ಲು ಓಡಿಸಿ, ಗೀಸರು ಹಾಕಿಸಿ, ಒಂದು ಗಂಟೆ ಮೀಟರಿನ ಮುಂದೆ ಕೂತೆವು. ಇನ್ನೂರ ಇಪ್ಪತ್ತೆಂಟು. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಒಂದೂವರೆ. ಉಳಿದ ಜಾಗಗಳ ಪಟ್ಟಿ ಆತನಿಂದ ಬರೆಸಿಕೊಂಡೆ. ಆ ವಾರ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಸುತ್ತಿ ಏಳು ಕಡೆ ಕೆಂಪು ವೈರು ಕಿತ್ತೆವು. ಅದರಲ್ಲಿ ಮೂರು ನಾನೇ ಸಹಿ ಹಾಕಿದ ಕೋಣೆಗಳು.

ಅದಕ್ಕೂ ಮೊದಲು, ಅವತ್ತೇ ಸಂಜೆ, ಟೀಚರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವಳು ಒಳಗೆ ಬನ್ನಿ ಎನ್ನಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಕೆಂಪು ವೈರು, ಮಿಲ್ಲು, ನೂರ ಮೂವತ್ತು ವೋಲ್ಟು. ಮಾಸ್ತರರ ಕೈ ಮುರಿದದ್ದನ್ನು ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮಕ್ಕಳಿಗೆ? ಮಕ್ಕಳಿಗೇನಾಯ್ತು ಸರ್?"

"ಯಾರಿಗೂ ಏನೂ ಆಗಿಲ್ಲ."

ಚೌಕಟ್ಟಿನಿಂದ ಕೈ ತೆಗೆದಳು. "ಅದಕ್ಕೇ ಬೆಳಗಿನ ಕ್ಲಾಸಲ್ಲಿ ಯಾರನ್ನೂ ಮುಟ್ಟೋಕ್ ಬಿಡ್ತಿರ್ಲಿಲ್ಲ. ಎಲ್ಲಾರೂ ಬರಿಗಾಲಲ್ಲಿ ನಿಂತಿರ್ತಿದ್ರು. ನಾನೇ ಮರದ ಸ್ಕೇಲಲ್ಲಿ ಸ್ವಿಚ್ ಒತ್ತಿ ಹಾಕ್ತಿದ್ದೆ. ಒಂದೊಂದ್ ಸಲ ಜಾರಿ ಕೈ ತಾಗೋದು."

ಆಕೆಯ ವಿರುದ್ಧ ನಾನು ಬರೆದಿದ್ದ ಏಕೈಕ ಸಾಕ್ಷಿ ಅದು, ಬೆಳಿಗ್ಗೆ ಬೇರೆ ಯಾರ ಕೈಯೂ ಸ್ವಿಚ್ಚಿಗೆ ಹೋಗಿಲ್ಲ ಎನ್ನುವುದು. ನನಗೆ ನಾಚಿಕೆಯಲ್ಲಿ ನೆಲ ಬಾಯಿ ಬಿಡಬಾರದೇ ಎನಿಸಿತು. "ತಪ್ಪು ನಂದು ಟೀಚರ್. ಮಾಸ್ತರರು ವಾಪಸ್ ಬರೋಕೆ ಹೇಳಿದಾರೆ" ಎಂದೆ.

"ಬರಲ್ಲ ಸರ್. ಮೀಟರ್ ಹೇಳಿದ ಮೇಲೆ ನಂಬಿದೀರಿ. ನಾನು ಹೇಳಿದಾಗ್ಲೂ ಶಾಕ್ ಇದೇ ಇತ್ತು, ಹೊಡೀತಿದ್ದದ್ದು ನನ್ ಕೈಗೇ."

ನಾನು ಹೊರಡಲು ತಿರುಗಿದೆ, ಆಕೆ ತಡೆದಳು.

"ಒಂದ್ ಕೆಲ್ಸ ಮಾಡಿ. ಬಾಯಲ್ಲಿ ಹೇಳಿದ್ದು ಇಲ್ಲೇ ಉಳ್ಕೊಳ್ಳತ್ತೆ. ನನ್ ಬಗ್ಗೆ ಅವತ್ತು ಬರೆದು ಕೊಟ್ರಲ್ಲ, ಇದನ್ನೂ ಬರೆದು ಕೊಡಿ. ಅದೇ ಫಾರಮ್ಮಲ್ಲಿ."

ಚೀಲದಿಂದ ಪ್ಯಾಡು ತೆಗೆದು, ಕಾರ್ಬನ್ ಇಟ್ಟು, ಹೊಸ್ತಿಲ ಹೊರಗೆ ಕೂತು ಬರೆದೆ. 'ಕಾರಣ' ಕಾಲಮ್ಮಿನಲ್ಲಿ ಎಂಜಿನಿಯರನ ತಪ್ಪು ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಆಕೆ ನಿಧಾನವಾಗಿ ಎರಡು ಸಲ ಓದಿದಳು. "ಆಪರೇಟರ್ ಎಚ್ಚರಿಕೆ ಕೊಟ್ಟಿದ್ರು, ನಾನು ಕೇಳಲಿಲ್ಲ ಅಂತಾನೂ ಸೇರಿಸಿ" ಎಂದಳು. ಸೇರಿಸಿದೆ. ಅದನ್ನೂ ಓದಿ, ಗಿರಾಕಿಯ ಪ್ರತಿಯನ್ನು ಹರಿದುಕೊಂಡು, ಬಾಗಿಲು ಹಾಕಿಕೊಂಡಳು.